ಅದಿರಿನ ಹಾದಿಯಲ್ಲಿ ಹಸಿರು ಬೆಳಕು

ಉತ್ತರ ಸ್ವೀಡನ್ನಿನ ಕಿರುನಾದಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಸಾಗುವ ಇ10 ಹೆದ್ದಾರಿಯಲ್ಲಿ ಚಳಿಗಾಲದ ಇರುಳು ಕಾರುಗಳು ದೀಪ ಆರಿಸಿ ನಿಂತಿರುತ್ತವೆ. ಒಳಗಿದ್ದವರೆಲ್ಲ ಹೊರಗೆ, ಕತ್ತು ಮೇಲಕ್ಕೆ. ಅರೋರಾ ಎಂಬ ಧ್ರುವಪ್ರಭೆ ನೋಡಲು ಬಂದ ಇವರಿಗೆ ದಾರಿ ತೆರೆದುಕೊಟ್ಟದ್ದು ನೆಲದಡಿಯ ಕಬ್ಬಿಣ.

ಕಿರುನಾದ ಗಣಿ ಕಂಪನಿ ಎಲ್‌ಕೆಎಬಿ ಹುಟ್ಟಿದ್ದು 1890ರಲ್ಲಿ. ಅದಿರಿಗೆ ಬರವಿರಲಿಲ್ಲ, ಸಾಗಿಸುವುದೇ ಪಾಡು. ಸ್ವೀಡನ್ನಿನ ಲುಲೆಯೊ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಉತ್ತರಕ್ಕಿರುವ ನಾರ್ವಿಕ್‌ನಲ್ಲಿ ಮಾತ್ರ, ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದಯೆಯಿಂದ, ವರ್ಷವಿಡೀ ಹಡಗು ಹೊರಡಬಹುದು. ಸರಿ, ಬೆಟ್ಟ ಕೊರೆದು ಹಳಿ ಹಾಕಿದರು. 1903ರಲ್ಲಿ ದೊರೆ ಎರಡನೇ ಆಸ್ಕರ್ ಅದನ್ನು ಉದ್ಘಾಟಿಸಿದ. ಚಾರಣಿಗರೂ ವಿಜ್ಞಾನಿಗಳೂ ಅದೇ ರೈಲು ಹಿಡಿದು ನಡುದಾರಿಯ ಅಬಿಸ್ಕೊಗೆ ಬಂದಿಳಿದರು. 1909ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾರಿನವರು ಕಾಯಬೇಕಾದದ್ದು ಬಹಳ: ಕಿರುನಾ–ನಾರ್ವಿಕ್ ರಸ್ತೆ ಪೂರ್ತಿಯಾದದ್ದು 1984ರಲ್ಲಿ!

ಅರೋರಾ ಮೂಡುವ ಊರುಗಳು ಉತ್ತರ ಧ್ರುವದ ಸುತ್ತ ಬೇಕಾದಷ್ಟಿವೆ. ಎಲ್ಲೆಡೆಯೂ ಶತ್ರು ಒಂದೇ, ಮೋಡ. ಅಬಿಸ್ಕೊದ ಅದೃಷ್ಟ ಅಲ್ಲೇ ಇದೆ. ನಾರ್ವೆ ಗಡಿಯ ಬೆಟ್ಟಗಳು ಅಟ್ಲಾಂಟಿಕ್‌ನ ತೇವವನ್ನು ಹಿಂಡಿಕೊಂಡುಬಿಡುತ್ತವೆ. ಆಗುಂಬೆಯಲ್ಲಿ ಸುರಿದು ಚಳ್ಳಕೆರೆಗೆ ಕೈಕೊಡುವ ಮುಂಗಾರಿನ ಹಾಗೆ. ಅಬಿಸ್ಕೊಗೆ ವರ್ಷಕ್ಕೆ ಸಿಗುವ ಮಳೆ-ಹಿಮ ಸುಮಾರು 300 ಮಿ.ಮೀ. ಅಷ್ಟೆ. ಸುತ್ತ ಮೋಡ ಕವಿದಾಗಲೂ ಟೋರ್ನೆಟ್ರೆಸ್ಕ್ ಸರೋವರದ ನೆತ್ತಿಯಲ್ಲಿ ಆಕಾಶ ಒಂದಿಷ್ಟು ಬಿಚ್ಚಿಕೊಳ್ಳುವುದುಂಟು.

ಅಲ್ಲಿ ಕಾಣುವುದು ಹೆಚ್ಚಾಗಿ ಹಸಿರು. ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ 100 ಕಿ.ಮೀ. ಎತ್ತರದ ಆಸುಪಾಸಿನ ಆಮ್ಲಜನಕ ಹಸಿರಾಗಿ ಹೊಳೆಯುತ್ತದೆ, 200 ಕಿ.ಮೀ. ದಾಟಿದರೆ ಕೆಂಪಾಗಿ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಮೆರಾ ಲಡಾಖಿನ ಹಾನ್ಲೆಯಲ್ಲಿ ಸೆರೆಹಿಡಿದದ್ದು ಕೆಂಪನ್ನೇ.

ಈ ಪ್ರವಾಸಕ್ಕೆ ಬರೀ ಹುಮ್ಮಸ್ಸು ಸಾಲದು. ಸ್ವೀಡನ್ನಿನಲ್ಲಿ ಚಳಿಗಾಲದ ಟೈರು ಕಾನೂನಿನ ಪ್ರಕಾರವೇ ಕಡ್ಡಾಯ. ಹಿಮಸಾರಂಗಗಳು ದಿಢೀರನೆ ಅಡ್ಡ ಬರುತ್ತವೆ, ಹಾರನ್ನಿಗೆ ಅವು ಬಗ್ಗುವುದಿಲ್ಲ. ಗಾಳಿ ಎದ್ದರೆ ಗಡಿಯ ಘಟ್ಟದಲ್ಲಿ ವಾಹನಗಳನ್ನು ಹಿಮ ತೆಗೆಯುವ ಯಂತ್ರದ ಹಿಂದೆ ಸಾಲಾಗಿ ಬಿಡುತ್ತಾರೆ; ಜೋರಾದರೆ ರಸ್ತೆಯೇ ಬಂದ್.

ಹಳಿಯೂ ಸದಾ ನಂಬುವಂಥದ್ದಲ್ಲ. 2023ರ ಡಿಸೆಂಬರ್‌ನಲ್ಲಿ ಅದಿರು ತುಂಬಿದ ರೈಲೊಂದು ಹಳಿ ತಪ್ಪಿ, ಕಿಲೋಮೀಟರುಗಟ್ಟಲೆ ಹಳಿ ಹಾಳಾಗಿ, ಮಾರ್ಗ ಎರಡು ತಿಂಗಳು ಮುಚ್ಚಿತು. ರೈಲಿನ ಪ್ರಯಾಣಿಕರನ್ನೂ ಆಗ ಇ10ರ ಮೇಲೆ ಬಸ್ಸಿನಲ್ಲಿ ಸಾಗಿಸಬೇಕಾಯಿತು.