ಮೇಲೆ ಒಣ, ಒಳಗೆ ಹಸಿ

ನಮ್ಮೂರು ಕೃಷ್ಣಾ ತೀರದ ತಿಂಥಣಿ. ಸುರಪುರ, ಶಹಾಪುರದ ಗುಡ್ಡಗಳಲ್ಲಿ ಗ್ರಾನೈಟ್ ಬಂಡೆ ಹತ್ತುತ್ತಲೇ ಬೆಳೆದವನು ನಾನು. ಮಳೆ ನಿಂತು ನಾಲ್ಕು ತಾಸು ಬಿಸಿಲು ಬಿದ್ದರೆ ಆ ಕಲ್ಲು ಒಣಗಿಬಿಡುತ್ತದೆ. ಅದೇ ಧೈರ್ಯದ ಮೇಲೆ ಕಳೆದ ನವೆಂಬರ್‌ನಲ್ಲಿ ಗೆಳೆಯನ ಜತೆ ಬಾದಾಮಿಗೆ ಹೋದೆ. ಹದಿನೈದು ದಿನಕ್ಕೆ ಅವನಿಗೆ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಯಿತ್ತು.

ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು, ಕೆಂಪು ಗೋಡೆ ಒಣಗಿದಂತೆ ಕಂಡಿತು. ಗೆಳೆಯ ಸೊಂಟಕ್ಕೆ ಹಾರ್ನೆಸ್ ಬಿಗಿದೇಬಿಟ್ಟ. ತರಬೇತಿ ಕೊಡುವ ಹಿರಿಯರು ತಡೆದರು.

‘ಕಲ್ಲು ಒಣಗ್ಯಾದಲ್ರೀ ಸರ್’ ಎಂದೆ.

‘ಮ್ಯಾಗ ಒಣಗೇತಿ ತಮ್ಮಾ, ಒಳಗ ಇನ್ನೂ ಹಸಿ ಐತಿ’ ಎಂದವರೇ ಗೋಡೆಯ ಬುಡದಲ್ಲಿ ಬೆರಳಿಂದ ಮಣ್ಣು ಕೆದಕಿದರು. ಒಂದು ಗೇಣು ಕೆಳಗೆ ಮಣ್ಣು ಒದ್ದೆಯಿತ್ತು. ಎದೆಮಟ್ಟದಲ್ಲಿದ್ದ ತೆಳು ಅಂಚೊಂದನ್ನು ಹಿಡಿದು ಎಳೆದರು. ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು! ಗೆಳೆಯ ಹಾರ್ನೆಸ್ ಬಿಚ್ಚಿದ.

ಕಾರಣ ಸರಳ. ಮರಳುಗಲ್ಲೆಂದರೆ ಮರಳಿನ ಕಣಗಳು ಸಿಲಿಕಾ, ಸುಣ್ಣ ಅಥವಾ ಜೇಡಿಯಂಥ ಅಂಟಿನಿಂದ ಕೂಡಿದ ಕಲ್ಲು. ಕಣಗಳ ನಡುವಿನ ಸಣ್ಣ ರಂಧ್ರಗಳು ನೀರು ಹೀರುತ್ತವೆ. ನೀರು ಸೇರಿದರೆ ಆ ಅಂಟು ಸಡಿಲವಾಗುತ್ತದೆ. ಬಾದಾಮಿಯ ಕಲ್ಲಿಗೆ ಗಟ್ಟಿ ಎಂಬ ಹೆಸರಿದೆ. ಆದರೂ ತೆಳು ಪದರಗಳನ್ನು ನಂಬುವಂತಿಲ್ಲ. ಒಮ್ಮೆ ಮುರಿದ ಹಿಡಿಕೆ ಮುಂದೆ ಹತ್ತುವವರಿಗೂ ಇಲ್ಲ.

ಅಂದು ಕಲಿತದ್ದಿಷ್ಟು. ಮಳೆಯಾದ ಮೇಲೆ ಕನಿಷ್ಠ 24 ತಾಸು ಕಾಯಬೇಕು. ಜೋರು ಮಳೆಯಾಗಿದ್ದರೆ, ಗೋಡೆ ನೆರಳಿನಲ್ಲಿದ್ದರೆ 48ರಿಂದ 72 ತಾಸು. ಬುಡದ ಮಣ್ಣು ಹಸಿಯಿದ್ದರೆ ಕಲ್ಲೂ ಹಸಿ ಎಂದೇ ತಿಳಿಯಬೇಕು. ಹಿಡಿಯುವ ಮುನ್ನ ಅಂಗೈಯಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ, ಬೆರಳಿಗೆ ಮರಳು ಉದುರಿದರೆ ಬಿಟ್ಟುಬಿಡಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಿಸಿಲೇರಿದರೆ ಬೆರಳು ಬೆವರಿ ಜಾರುತ್ತವೆ. ಹಾಗಾಗಿ ಬೆಳಿಗ್ಗೆ ಪಡುವಣಕ್ಕೆ ಮುಖಮಾಡಿದ ಗೋಡೆ, ಮಧ್ಯಾಹ್ನದ ನಂತರ ಮೂಡಣಕ್ಕೆ ಮುಖಮಾಡಿದ ಗೋಡೆ ಆರಿಸಿಕೊಳ್ಳಬೇಕು. ಗುಡುಗು ಕೇಳಿದರೆ ಕೂಡಲೇ ಇಳಿಯಬೇಕು. ಹೆಜ್ಜೇನು ಕಟ್ಟಿದ ಗೋಡೆಯ ಹತ್ತಿರ ಸುಳಿಯಬಾರದು. ಗುಹಾಲಯದಂಥ ಸಂರಕ್ಷಿತ ಸ್ಮಾರಕಗಳ ಮೇಲೆ ಕೈಯಿಡುವಂತೆಯೇ ಇಲ್ಲ.

ಅಂದು ಹತ್ತದೆಯೇ ಬಸ್ ಹತ್ತಿದೆವು. ಬಸ್ಸಿನಲ್ಲಿ ನಮ್ಮ ಹೊಳೆ ನೆನಪಾಯಿತು. ತಿಂಥಣಿಯಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಕೃಷ್ಣೆ ಉಕ್ಕುತ್ತಾಳೆ. ತಲೆ ಮೇಲಿನ ಆಕಾಶವನ್ನಷ್ಟೇ ನೋಡಿ ನಮ್ಮೂರಲ್ಲಿ ಯಾರೂ ಹೊಳೆಗಿಳಿಯುವುದಿಲ್ಲ. ಅಷ್ಟು ಗೊತ್ತಿದ್ದೂ ಬಾದಾಮಿಯಲ್ಲಿ ನಾನು ಆಕಾಶವನ್ನಷ್ಟೇ ನೋಡಿದ್ದೆ.

ಗೆಳೆಯ ಎರಡು ವಾರದ ನಂತರ ಮೈದಾನದಲ್ಲಿ ಓಡಿ ಪಾಸಾದ. ಆ ಅಂಚು ಅವನ ಕೈಯಲ್ಲಿ ಮುರಿದಿದ್ದರೆ? ಡಿಸೆಂಬರ್‌ನಲ್ಲಿ ಮತ್ತೆ ಬಾದಾಮಿಗೆ ಹೋದೆವು. ಈ ಸಲ ಮೊದಲು ಬಗ್ಗಿ ಮಣ್ಣು ಕೆದಕಿದವನು ಅವನೇ.