ಮನೆಗೆ ಸಂಹಿತೆಯಿದೆ, ತಂತ್ರಾಂಶಕ್ಕೆ?

ಐನಾಪುರವಿರುವ ಚಿಂಚೋಳಿ ತಾಲ್ಲೂಕಿನ ಹಳೆಯ ಮನೆಗಳಲ್ಲಿ ಕಲ್ಲು-ಮಣ್ಣಿನ ಗೋಡೆಗಳೇ ಹೆಚ್ಚು. 2021ರ ಅಕ್ಟೋಬರಿನಲ್ಲಿ ಇದೇ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದಾಗ ಹಿರಿಯರಿಗೆ ಕಿಲ್ಲಾರಿ ನೆನಪಾಗಿರಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಇಂಥ ಗೋಡೆಗಳೇ ಕುಸಿದು ಸಾವಿರಾರು ಜನ ಸತ್ತರು. ಭೂಕಂಪ ಸಂಹಿತೆ ಐ.ಎಸ್. 1893ರಲ್ಲಿ ಆಗ ಕಿಲ್ಲಾರಿ ಇದ್ದುದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ! 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದು, ಕಿಲ್ಲಾರಿಯನ್ನು ಮೂರನೆಯದಕ್ಕೆ ಸೇರಿಸಲಾಯಿತು. ಬಿದ್ದ ಗೋಡೆ ಮುಂದಿನ ಎಂಜಿನಿಯರರ ಲೆಕ್ಕದೊಳಗೆ ಬಂತು.

ತಂತ್ರಾಂಶದಲ್ಲಿ ಹೀಗಾಗುತ್ತದೆಯೇ? 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟು ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅದರ ತಂತ್ರಾಂಶದ ಒಂದು ಭಾಗ ಏರಿಯಾನ್ 4ರದು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ಸಂಖ್ಯೆ 16 ಬಿಟ್‌ಗಳಲ್ಲಿ ಹಿಡಿಸಲಿಲ್ಲ. ತನಿಖಾ ವರದಿಯೇನೋ ಪ್ರಕಟವಾಯಿತು. ಸಾಮಾನ್ಯ ಕಚೇರಿಯ ತಂತ್ರಾಂಶ ಬರೆಯುವವರಿಗೆ ಅದು ಕಟ್ಟಳೆಯಾಗಲಿಲ್ಲ.

ಇದಕ್ಕೆ ಬರಿಯ ಉದಾಸೀನವೇ ಕಾರಣವಲ್ಲ. ಕಾಂಕ್ರೀಟಿನ 150 ಮಿ.ಮೀ. ಘನವನ್ನು ನೀರಿನಲ್ಲಿ ಹದಗೊಳಿಸಿ 28ನೆಯ ದಿನ ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ವಿನ್ಯಾಸದಲ್ಲಿ ಭಾರವನ್ನು ಒಂದೂವರೆ ಪಟ್ಟು ಎಣಿಸುತ್ತಾರೆ. ಸಿಮೆಂಟು ತುಸು ಕಡಿಮೆಯಾದರೆ ಬಲವೂ ತುಸು ಕುಗ್ಗೀತು, ಅಷ್ಟೆ. ತಂತ್ರಾಂಶದಲ್ಲಿ ಒಂದು ಚಿಹ್ನೆ ತಪ್ಪಿದರೆ ಉತ್ತರ ಎಲ್ಲಿಗಾದರೂ ಹಾರಬಹುದು. ಒಂದೂವರೆ ಪಟ್ಟು ಸರಿಯಾದ ಸಾಲು ಎಂಬುದಿಲ್ಲ.

ಹಾಗಾಗಿ ವಿಮಾನಗಳ ಡಿಒ-178 ಮಾನಕ ಬೇರೆ ದಾರಿ ಹಿಡಿದಿದೆ. ವೈಫಲ್ಯದ ಪರಿಣಾಮ ನೋಡಿ ತಂತ್ರಾಂಶವನ್ನು ‘ಎ’ಯಿಂದ ‘ಇ’ವರೆಗೆ ವಿಂಗಡಿಸಿ, ಪರೀಕ್ಷೆಯ ಆಳವನ್ನು ಅದರಂತೆ ನಿಗದಿ ಮಾಡುತ್ತದೆ. ಪಡಿತರ ಅಂಗಡಿಯ ಯಂತ್ರ ಮುದುಕಿಯ ಬೆರಳಚ್ಚು ಒಪ್ಪದೆ ಅಕ್ಕಿ ತಪ್ಪಿದರೆ ಅದು ಯಾವ ದರ್ಜೆ? ಮೊದಲು ಗೊತ್ತಾಗಬೇಕಾದದ್ದು ಅದು, ಪರೀಕ್ಷೆ ಆಮೇಲೆ.