ದೇಶಾಂತರದಲ್ಲಿ ವೆಲ್ಷ್ ಭಾಷಾಭ್ಯಾಸ: ಸಾಧನಗಳ ಆಯ್ಕೆ

ವೇಲ್ಸ್ ದೇಶದ ಹೊರಗಿದ್ದು ವೆಲ್ಷ್ ಭಾಷೆಯನ್ನು ಉಳಿಸಿಕೊಳ್ಳುವ ಪ್ರಶ್ನೆ ಹೊಸದಲ್ಲ. 1865ರಲ್ಲಿ ಸುಮಾರು 150 ಮಂದಿ ವೆಲ್ಷರು ‘ಮಿಮೋಸಾ’ ಎಂಬ ಹಡಗನ್ನೇರಿ ದಕ್ಷಿಣ ಅಮೆರಿಕದ ಪೆಟಗೋನಿಯಕ್ಕೆ ಹೋದುದು ಬಹುಮಟ್ಟಿಗೆ ಈ ಉದ್ದೇಶದಿಂದಲೇ. ಅಲ್ಲಿ ಆ ನುಡಿಯನ್ನು ಕಾಪಾಡಿದುದು ಕೇವಲ ಗ್ರಂಥಗಳಲ್ಲ. ಓದು, ಶ್ರವಣ, ಸಂಭಾಷಣೆ ಮೂರೂ ಒಂದೆಡೆ ಕೂಡುತ್ತಿದ್ದ ಪ್ರಾರ್ಥನಾಮಂದಿರ ಮತ್ತು ಪಾಠಶಾಲೆಗಳು. ಇಂದು ಪರದೇಶದಲ್ಲಿ ಒಬ್ಬನೇ ಕುಳಿತು ಕಲಿಯುವವನು ಈ ಮೂರನ್ನೂ ತಾನೇ ಕೂಡಿಸಿಕೊಳ್ಳಬೇಕಾಗುತ್ತದೆ. ಆದುದರಿಂದ ಸಾಧನಗಳನ್ನು ಈ ಮೂರರ ದೃಷ್ಟಿಯಿಂದಲೇ ಪರೀಕ್ಷಿಸುವುದು ಉಚಿತ.

ಮೊದಲನೆಯದು ಓದು. ವೇಲ್ಸ್ ವಿಶ್ವವಿದ್ಯಾನಿಲಯದ ಬೃಹನ್ನಿಘಂಟಿನ ಕಾರ್ಯ 1921ರಲ್ಲಿ ಆರಂಭವಾಗಿ, ಪ್ರಥಮ ಆವೃತ್ತಿ 2002ರಲ್ಲಿ ಪೂರ್ಣಗೊಂಡಿತು. 2014ರಿಂದ ಅದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿದೆ. ಆದರೆ ನಿಘಂಟನ್ನು ತೆರೆದವನಿಗೆ ಒಂದು ತೊಡಕು ಎದುರಾಗುತ್ತದೆ. ವೆಲ್ಷ್ ಪದಗಳ ಆದ್ಯಕ್ಷರವೇ ಮಾರ್ಪಡುತ್ತದೆ. ‘ತಾದ್’ ಎಂದರೆ ತಂದೆ. ‘ಅವನ ತಂದೆ’ ಎನ್ನುವಾಗ ಅದು ‘ದಾದ್’, ‘ಅವಳ ತಂದೆ’ ಎನ್ನುವಾಗ ‘ಥಾದ್’. ‘ದಾದ್’ ಎಂಬ ರೂಪವನ್ನು ಕಂಡವನು ನಿಘಂಟಿನಲ್ಲಿ ‘ತಾದ್’ ಎಂಬಲ್ಲಿ ಹುಡುಕಬೇಕು. ಮಳೆ, ಕಾಲ ಸೇರಿ ‘ಮಳೆಗಾಲ’ವಾಗುವ ನಮ್ಮ ಆದೇಶಸಂಧಿಯಲ್ಲಿಯೂ ಕ, ತ, ಪಗಳು ಗ, ದ, ಬಗಳಾಗುವುದರಿಂದ ಕನ್ನಡಿಗನಿಗೆ ಇದು ಅಷ್ಟೇನೂ ಅಪರಿಚಿತವೆನಿಸದು. ಭೇದವಿಷ್ಟೆ: ವೆಲ್ಷಿನಲ್ಲಿ ಈ ಮಾರ್ಪಾಟು ವ್ಯಾಕರಣಾರ್ಥವನ್ನೂ ಸೂಚಿಸುತ್ತದೆ. ಈ ಮಾರ್ಪಾಟುಗಳ ಪಟ್ಟಿಯಿಲ್ಲದ ಪಠ್ಯಪುಸ್ತಕ ಸ್ವಯಂ ಅಭ್ಯಾಸಿಗೆ ಸಾಲದು.

ಎರಡನೆಯದು ಶ್ರವಣ. ಉತ್ತರ ಮತ್ತು ದಕ್ಷಿಣ ವೇಲ್ಸಿನ ಆಡುನುಡಿಗಳು ಭಿನ್ನವಾಗಿವೆ. ‘ಈಗ’ ಎಂಬುದಕ್ಕೆ ಉತ್ತರದವರು ‘ರೂಅನ್’ ಎಂದರೆ ದಕ್ಷಿಣದವರು ‘ನೌರ್’ ಎನ್ನುತ್ತಾರೆ. ಪ್ರಾರಂಭದಲ್ಲಿ ಒಂದನ್ನೇ ಆರಿಸಿಕೊಳ್ಳುವುದು ಕ್ಷೇಮ. 1982ರಲ್ಲಿ ಆರಂಭವಾದ ವೆಲ್ಷ್ ದೂರದರ್ಶನ ವಾಹಿನಿಯ ಹಲವು ಕಾರ್ಯಕ್ರಮಗಳು ಪ್ರಸಾರದ ಹಕ್ಕುಗಳ ನಿಮಿತ್ತ ಪರದೇಶಗಳಲ್ಲಿ ಲಭಿಸವು. ಆದಕಾರಣ ಧ್ವನಿಪಾಠಗಳನ್ನು ಮುಖ್ಯ ಆಧಾರವಾಗಿಟ್ಟುಕೊಳ್ಳಬೇಕು.

ಮೂರನೆಯದಾದ ಸಂಭಾಷಣೆಯೇ ಅತ್ಯಂತ ದುರ್ಲಭ. 2016ರಲ್ಲಿ ಸ್ಥಾಪಿತವಾದ ವೆಲ್ಷ್ ಕಲಿಕೆಯ ರಾಷ್ಟ್ರೀಯ ಕೇಂದ್ರವು ಅಂತರಜಾಲದ ಮೂಲಕ ಶಿಕ್ಷಕರೊಡನೆ ನಡೆಸುವ ತರಗತಿಗಳು ಈ ಕೊರತೆಯನ್ನು ಬಹಳಷ್ಟು ನೀಗಿಸುತ್ತವೆ. ನಿಘಂಟುಗಳು ಎಷ್ಟೇ ಸುಲಭವಾಗಿ ದೊರೆತರೂ, ವಾರಕ್ಕೊಮ್ಮೆ ಪ್ರತಿಮಾತನ್ನಾಡುವ ಒಬ್ಬರಾದರೂ ಇಲ್ಲದಿದ್ದರೆ ಕಲಿತುದು ಶಾಸ್ತ್ರವಾದೀತು, ನುಡಿಯಾಗಲಾರದು. ಪೆಟಗೋನಿಯದ ವಲಸಿಗರ ಇತಿಹಾಸವು ತಿಳಿಸುವುದೂ ಇದನ್ನೇ.